ಜ್ವರ ಬಿಟ್ಟ ಮೇಲೆ ರಕ್ತನಾಳದೊಳಗೆ ನಡೆಯುವುದೇನು?

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬರತೊಡಗಿದಾಗ, ಏನೂ ತೊಂದರೆ ಇಲ್ಲದವರೂ ಹೃದಯ ತಪಾಸಣೆಗೆ ಮುಗಿಬಿದ್ದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಕೇಂದ್ರ ಆರೋಗ್ಯ ಸಚಿವಾಲಯ ಆ ಮಾತನ್ನು ತಳ್ಳಿಹಾಕಿತು. ಓದುಗರಿಗೆ ಉಳಿದದ್ದು ಗೊಂದಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದೇ ಗೊಂದಲ ಇನ್ನೊಂದು ರೂಪದಲ್ಲಿದೆ. ಮಳೆಗಾಲ ಬಂದರೆ ಓಣಿಗೆ ನಾಲ್ಕು ಮನೆಯಲ್ಲಿ ಜ್ವರ. ಅದರ ಬೆನ್ನಿಗೇ ಕೇಳಿಬರುವ ಮಾತು ಹೀಗಿರುತ್ತದೆ: "ಜ್ವರ ಬಿಟ್ಟಿತ್ತು, ಊಟಾನೂ ಮಾಡಿದ್ದ, ಗಟ್ಟಿಮುಟ್ಟಾಗೇ ಇದ್ದ. ಆಮೇಲೆ ಏನಾಯ್ತೋ." ಒಬ್ಬರಿಗೆ ಕೈಕಾಲು ತಣ್ಣಗಾಗಿ ಬಿಪಿ ಕುಸಿಯುತ್ತದೆ. ಇನ್ನೊಬ್ಬರಿಗೆ ಎದೆನೋವು. ಮತ್ತೊಬ್ಬರಿಗೆ ಒಂದೇ ಕಾಲು ಊದುತ್ತದೆ, ಇಲ್ಲವೇ ಲಕ್ವ ಹೊಡೆಯುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ಕಾಯಿಲೆಗಳಂತೆ ತೋರುತ್ತವೆ. ಆದರೆ ಇವೆಲ್ಲ ಹುಟ್ಟುವ ಜಾಗ ಬಹಳ ಸಲ ಒಂದೇ. ಅದು ರಕ್ತನಾಳದ ಒಳಪದರ.

ಕಾಲುವೆಯ ಲೈನಿಂಗ್ ಇದ್ದ ಹಾಗೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿ, ಸಿಂಧನೂರು, ಮಾನ್ವಿಯ ರೈತರಿಗೆ ಲೈನಿಂಗ್ ಎಂದರೇನೆಂದು ಹೇಳಬೇಕಾಗಿಲ್ಲ. ಅದು ಗಟ್ಟಿಯಿದ್ದರೆ ನೀರು ಕೊನೆ ಭಾಗದ ಹೊಲದವರೆಗೆ ಹೋಗುತ್ತದೆ. ಬಿರುಕು ಬಿಟ್ಟರೆ ಎರಡು ಅನಾಹುತ. ಒಂದು ಕಡೆ ನೀರು ಬಸಿದು ಪಕ್ಕದ ಹೊಲ ಜವಳಾಗುತ್ತದೆ, ಕೊನೆ ಭಾಗ ಒಣಗುತ್ತದೆ. ಇನ್ನೊಂದು ಕಡೆ ಕಿತ್ತುಹೋದ ಜಾಗದಲ್ಲಿ ಹೂಳು, ಜೊಂಡು ಕಟ್ಟಿಕೊಂಡು ಹರಿವೇ ನಿಲ್ಲುತ್ತದೆ.

ರಕ್ತನಾಳದ ಒಳಮೈಗೂ ಇಂಥದೊಂದು ಲೈನಿಂಗ್ ಇದೆ, ಬರೀ ಒಂದು ಜೀವಕೋಶದಷ್ಟು ದಪ್ಪ. ಅದರ ಮೇಲೆ ಸಕ್ಕರೆ ಮತ್ತು ಪ್ರೋಟೀನಿನಿಂದಾದ, ಲೋಳೆಯಂಥ ತೆಳು ಹೊದಿಕೆ. ಇವೆರಡೂ ಸೇರಿ ಮೂರು ಕೆಲಸ ಮಾಡುತ್ತವೆ: ರಕ್ತದ ನೀರಿನಂಶ ಹೊರಗೆ ಬಸಿಯದಂತೆ ಹಿಡಿದಿಡುವುದು, ಒಳಗೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ನಾಳವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸುವುದು.

ವೈರಸ್ ಸೋಂಕಿನಲ್ಲಿ ಈ ಪದರಕ್ಕೆ ಪೆಟ್ಟು ಬೀಳುವ ದಾರಿ ಎರಡು. ಕೆಲವು ವೈರಸ್‌ಗಳು ಅಥವಾ ಅವು ಬಿಡುವ ಪ್ರೋಟೀನುಗಳು ನೇರವಾಗಿ ಅದನ್ನು ಕೆಡಿಸುತ್ತವೆ. ಹೆಚ್ಚಿನ ಸಲ ಪೆಟ್ಟು ಕೊಡುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಅದು ವೈರಸ್ಸನ್ನು ಹೊಡೆಯಲು ಹೊರಡಿಸಿದ ರಾಸಾಯನಿಕಗಳು ಉರಿಯೂತ ಎಬ್ಬಿಸಿ ಲೈನಿಂಗನ್ನೂ ಕೆರೆದುಹಾಕುತ್ತವೆ. ಅದಕ್ಕೇ ಎಷ್ಟೋ ಸಲ ಅಪಾಯ ಜ್ವರ ಏರಿದ ದಿನ ಬಾರದೆ, ಜ್ವರ ಇಳಿದ ಮೇಲೆ ತಡವಾಗಿ ಬರುತ್ತದೆ. ರಕ್ತದಲ್ಲಿ ವೈರಸ್ ಕಡಿಮೆಯಾದರೂ ಉರಿಯೂತ ಇನ್ನೂ ಆರಿರುವುದಿಲ್ಲ.

ಬಸಿಯುವ ರೋಗ: ಡೆಂಗಿ

ಡೆಂಗಿ ವೈರಸ್ ಬಿಡುವ ಎನ್‌ಎಸ್‌1 ಎಂಬ ಪ್ರೋಟೀನು ಆ ಲೋಳೆ ಹೊದಿಕೆಯನ್ನು ಕರಗಿಸುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ 'ಎನ್‌ಎಸ್‌1 ಪಾಸಿಟಿವ್' ಎಂದು ಬರೆಯುವುದು ಇದನ್ನೇ. ಹೊದಿಕೆ ಕರಗಿದರೆ ರಕ್ತದ ನೀರಿನಂಶ ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಬಸಿಯುತ್ತದೆ. ಹೊಲ ಜವಳಾಗುವುದೂ ಕೊನೆ ಭಾಗ ಒಣಗುವುದೂ ಒಟ್ಟಿಗೆ ನಡೆಯುವ ಸ್ಥಿತಿ ಇದು. ಹೊಟ್ಟೆಯಲ್ಲಿ ನೀರಿದೆ, ಮೂತ್ರಪಿಂಡಕ್ಕೆ ರಕ್ತವಿಲ್ಲ.

ಸಾಮಾನ್ಯವಾಗಿ ಈ ಬಸಿಯುವಿಕೆ ಶುರುವಾಗುವುದು ಜ್ವರದ ಮೂರರಿಂದ ಏಳನೆಯ ದಿನದ ನಡುವೆ, ಅದೂ ಮೈಬಿಸಿ ಇಳಿಯುವ ಹೊತ್ತಿಗೆ. 24ರಿಂದ 48 ತಾಸು ನಡೆದು ನಿಲ್ಲುತ್ತದೆ. ಜ್ವರ ಬಿಟ್ಟ ಮೊದಲ ಎರಡು ದಿನವನ್ನೇ ಅತಿ ಎಚ್ಚರದ ದಿನ ಎಂದು ತಿಳಿಯಬೇಕು. ನಮ್ಮ ಕಡೆ ನಡೆಯುವುದು ಇದಕ್ಕೆ ತದ್ವಿರುದ್ಧ. ಜ್ವರ ಬಿಟ್ಟಿತು ಎಂದು ಆ ದಿನವೇ ತಲೆಸ್ನಾನ ಮಾಡಿಸಿ ಹೊಲಕ್ಕೋ ಮಿಲ್ಲಿಗೋ ಕಳಿಸುತ್ತಾರೆ.

ಬಸಿಯುವುದನ್ನು ಹಿಡಿಯುವುದು ಹೇಗೆ? ಬಿಪಿಯ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು. 100/84 ಎಂದು ಬಂದಾಗ ಮೇಲಿನ ಅಂಕಿ ನೂರಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಆದರೆ ಎರಡರ ನಡುವಿನ ಅಂತರ ಬರೀ 16. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗಿ ಆಘಾತದ (ಶಾಕ್) ಸ್ಥಿತಿಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ ಜಾರುತ್ತಿದ್ದಾನೆ ಎಂದರ್ಥ. ರಕ್ತ ಕಡಿಮೆಯಾದಾಗ ದೇಹ ನಾಳಗಳನ್ನು ಬಿಗಿಹಿಡಿದು ಕೆಳಗಿನ ಅಂಕಿಯನ್ನು ಎತ್ತಿ ನಿಲ್ಲಿಸಿರುತ್ತದೆ. ಆ ಬಿಗಿ ಸಡಿಲಿದ ಗಳಿಗೆಯಲ್ಲಿ ಎರಡೂ ಒಮ್ಮೆಗೇ ಬೀಳುತ್ತವೆ.

ಇನ್ನೊಂದು ಸುಳಿವು ರಕ್ತಪರೀಕ್ಷೆಯ ಚೀಟಿಯಲ್ಲೇ ಇರುತ್ತದೆ. ಎಲ್ಲರ ಕಣ್ಣು ಪ್ಲೇಟ್‌ಲೆಟ್ ಸಾಲಿನ ಮೇಲೆ. (ಜನ ಇದನ್ನು ಬಿಳಿ ರಕ್ತಕಣ ಎನ್ನುತ್ತಾರೆ, ಪತ್ರಿಕೆಗಳೂ ಎಷ್ಟೋ ಸಲ ಹಾಗೇ ಬರೆಯುತ್ತವೆ. ಅವೆರಡೂ ಬೇರೆ ಬೇರೆ. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣ.) ಅದೇ ಚೀಟಿಯಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲೂ ಇದೆ, ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದರ ಅಳತೆ. ಮೊದಲ ದಿನ 40 ಇದ್ದದ್ದು ಐದನೆಯ ದಿನ 48 ಆಯಿತೆಂದರೆ ಶೇ 20ರಷ್ಟು ಏರಿತು, ಅಂದರೆ ನೀರು ಬಸಿದುಹೋಗಿದೆ. ಪ್ಲೇಟ್‌ಲೆಟ್ 60 ಸಾವಿರವಿದ್ದು ಪಿಸಿವಿ ಏರುತ್ತಿರುವ ರೋಗಿಗೆ, ಪ್ಲೇಟ್‌ಲೆಟ್ 25 ಸಾವಿರವಿದ್ದು ಪಿಸಿವಿ ನಿಂತಿರುವ ರೋಗಿಗಿಂತ ಅಪಾಯ ಹೆಚ್ಚಿರಬಹುದು.

ಪ್ಲೇಟ್‌ಲೆಟ್ ಏರಿಸುವ ಓಟ ಇಲ್ಲಿ ದುಬಾರಿ ತಪ್ಪಾಗುತ್ತದೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ, ಪ್ಲೇಟ್‌ಲೆಟ್ 20 ಸಾವಿರಕ್ಕೆ ಇಳಿದಿದ್ದರೂ ದೊಡ್ಡ ರಕ್ತಸ್ರಾವವಿಲ್ಲದ 372 ವಯಸ್ಕ ಡೆಂಗಿ ರೋಗಿಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುನ್ನೆಚ್ಚರಿಕೆಗೆಂದು ಪ್ಲೇಟ್‌ಲೆಟ್ ಹಾಕಿಸಿಕೊಂಡವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ. ರಕ್ತಸ್ರಾವವಿಲ್ಲದಿದ್ದರೆ ಎಣಿಕೆ 10 ಸಾವಿರಕ್ಕಿಂತ ಕೆಳಗಿಳಿದಾಗ ಮಾತ್ರ ಪ್ಲೇಟ್‌ಲೆಟ್ ಕೊಡುವ ಯೋಚನೆ ಮಾಡಬೇಕೆಂಬುದು ನಮ್ಮ ದೇಶದ ಮಾರ್ಗಸೂಚಿ. ರಾತ್ರೋರಾತ್ರಿ ಕಾರು ಮಾಡಿಕೊಂಡು ದೊಡ್ಡ ಊರಿನ ರಕ್ತನಿಧಿಗೆ ಓಡುವ ಹೊತ್ತಿನಲ್ಲಿ, ರೋಗಿಯ ಪಕ್ಕ ಕೂತು ತಾಸಿಗೊಮ್ಮೆ ಬಿಪಿ, ಮೂತ್ರದ ಪ್ರಮಾಣ ಬರೆದುಕೊಂಡರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಬಾಟ್ಲಿ ಹಚ್ಚುವುದೂ ಒಂದು ಲೆಕ್ಕ

ಜ್ವರ ಬಂದರೆ ಸಲೈನ್ ಬಾಟ್ಲಿ ಹಚ್ಚಿಸಿಕೊಂಡರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಇಲ್ಲಿ ಬೇರೂರಿದೆ. ಡೆಂಗಿಯಲ್ಲಿ ಸಲೈನ್ ಜೀವ ಉಳಿಸುವ ಔಷಧಿಯೇ ಹೌದು, ಆದರೆ ಅಳತೆ ತಪ್ಪಿದರೆ ಅದೇ ಮುಳುವಾಗುತ್ತದೆ. ಅಪಾಯದ ಲಕ್ಷಣವಿರುವ ರೋಗಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುವ ಆರಂಭದ ಪ್ರಮಾಣ, ಮೈತೂಕದ ಪ್ರತಿ ಕೆಜಿಗೆ ತಾಸಿಗೆ 5ರಿಂದ 7 ಮಿ.ಲೀ. 60 ಕೆಜಿ ತೂಗುವವರಿಗೆ ಮೊದಲ ಒಂದೆರಡು ತಾಸು ತಾಸಿಗೆ 300ರಿಂದ 420 ಮಿ.ಲೀ. ಆಮೇಲೆ ಬಿಪಿ, ಮೂತ್ರ, ಪಿಸಿವಿ ನೋಡಿಕೊಂಡು ಇಳಿಸುತ್ತಾ ಹೋಗಬೇಕು. ಕೊಡಬೇಕಾದದ್ದು ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್. ಗ್ಲೂಕೋಸ್ ಬಾಟ್ಲಿಯ ನೀರು ನಾಳದೊಳಗೆ ನಿಲ್ಲುವುದಿಲ್ಲ.

ಬಸಿಯುವುದು ನಿಂತ ಮೇಲೆ ಹೊಟ್ಟೆ, ಎದೆಯಲ್ಲಿ ಸೇರಿದ್ದ ನೀರು ಎರಡು ಮೂರು ದಿನಗಳಲ್ಲಿ ರಕ್ತಕ್ಕೆ ವಾಪಸ್ ಬರುತ್ತದೆ. ಆ ಹೊತ್ತಿನಲ್ಲೂ ಬಾಟ್ಲಿ ಮೇಲೆ ಬಾಟ್ಲಿ ಏರಿಸುತ್ತಿದ್ದರೆ ಆ ನೀರೆಲ್ಲ ಶ್ವಾಸಕೋಶದಲ್ಲಿ ತುಂಬಿಕೊಂಡು ಉಸಿರು ಕಟ್ಟುತ್ತದೆ. ಐದನೆಯ ದಿನ ನೀರಿಲ್ಲದೆ ಸಂಕಟಪಟ್ಟ ರೋಗಿ ಎಂಟನೆಯ ದಿನ ನೀರು ಹೆಚ್ಚಾಗಿ ಸಂಕಟಪಡುವುದು ಹೀಗೆ.

ವಾಂತಿಯಿಲ್ಲದೆ ಬಾಯಿಂದ ಕುಡಿಯಬಲ್ಲವರಿಗೆ ಬಾಟ್ಲಿಯ ಅಗತ್ಯವೇ ಇರುವುದಿಲ್ಲ. ದಿನಕ್ಕೆ ಎರಡೂವರೆ, ಮೂರು ಲೀಟರ್ ಓಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು ಸಾಕು. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಬೇಕು, ಲೋಟಕ್ಕೆ ಚೂರು ಚೂರು ಉದುರಿಸುವುದಲ್ಲ. ಆರು ತಾಸಿಗೆ ಒಮ್ಮೆಯಾದರೂ ಮೂತ್ರ ಹೋಗುತ್ತಿದ್ದರೆ ನೀರು ಸಾಲುತ್ತಿದೆ ಎಂದು ತಿಳಿಯಬಹುದು.

ಕಟ್ಟಿಕೊಳ್ಳುವ ರೋಗ: ಹೆಪ್ಪು

ಈಗ ಇನ್ನೊಂದು ಅನಾಹುತ. ನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮೂರು ಸಂಗತಿ ಕಾರಣ ಎಂದು 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ ಅವರ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ: ಗೋಡೆಗೆ ಪೆಟ್ಟು, ನಿಧಾನವಾದ ಹರಿವು, ರಕ್ತದ ಗುಣದಲ್ಲೇ ಬದಲಾವಣೆ. ವೈರಲ್ ಜ್ವರ ಈ ಮೂರನ್ನೂ ಒಂದೇ ವಾರದಲ್ಲಿ ತರಬಲ್ಲದು. ಒಳಪದರ ಕೆರೆದಿರುತ್ತದೆ. ರೋಗಿ ಹಾಸಿಗೆ ಹಿಡಿದಿರುತ್ತಾನೆ. ಉರಿಯೂತದಿಂದ ಹೆಪ್ಪುಗಟ್ಟಿಸುವ ಅಂಶಗಳು ಏರಿರುತ್ತವೆ. ಅದರ ಮೇಲೆ ರಾಯಚೂರಿನ ನಲವತ್ತು ಡಿಗ್ರಿ ದಾಟಿದ ಬಿಸಿಲು, ಬೆವರು, ಬಾಯಿಗೆ ರುಚಿಯಿಲ್ಲವೆಂದು ನೀರು ಬಿಟ್ಟದ್ದು ಸೇರಿದರೆ ರಕ್ತ ಇನ್ನಷ್ಟು ಗಟ್ಟಿ.

ಹೆಪ್ಪು ಎಲ್ಲಿ ಕಟ್ಟಿತು ಎಂಬುದರ ಮೇಲೆ ಕಾಯಿಲೆಯ ಹೆಸರು ಬದಲಾಗುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ. ಬಹಳ ಸಲ ಅಲ್ಲಿ ಮೊದಲೇ ಸಣ್ಣ ಕೊಬ್ಬಿನ ಗಂಟೊಂದು ತೊಂದರೆ ಕೊಡದೆ ಕೂತಿರುತ್ತದೆ, ಉರಿಯೂತ ಅದರ ತೊಗಟೆಯನ್ನು ಒಡೆಯುತ್ತದೆ, ಒಡೆದಲ್ಲಿ ಹೆಪ್ಪು ಕಟ್ಟುತ್ತದೆ. 'ಪೂರ್ತಿ ಆರೋಗ್ಯವಾಗಿದ್ದ' ಎನ್ನುವವರಲ್ಲಿ ಎಷ್ಟೋ ಜನರ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಅಲ್ಲಿಯವರೆಗೆ ಒಮ್ಮೆಯೂ ನೋಡಿಸಿರುವುದಿಲ್ಲ. ಗುಟ್ಕಾ, ಬೀಡಿಯನ್ನಂತೂ ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದರೆ ಒಂದೇ ಕಾಲು ಊದಿಕೊಳ್ಳುತ್ತದೆ, ಮೀನಖಂಡ ನೋಯುತ್ತದೆ. ಆ ಹೆಪ್ಪಿನ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋದರೆ ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದರೆ ಚುಚ್ಚುವ ನೋವು. ಮೆದುಳಿನ ಧಮನಿಯಲ್ಲಾದರೆ ಲಕ್ವ. ಮೆದುಳಿನಿಂದ ರಕ್ತ ವಾಪಸ್ ತರುವ ನಾಳದಲ್ಲಾದರೆ ದಿನೇ ದಿನೇ ಹೆಚ್ಚುವ ತಲೆನೋವು, ವಾಂತಿ, ಫಿಟ್ಸ್. ನೀರಡಿಕೆಯಿಂದ ಬಳಲಿದವರಲ್ಲಿ, ಬಾಣಂತಿಯರಲ್ಲಿ ಇದನ್ನು ವಿಶೇಷವಾಗಿ ನೆನೆಯಬೇಕು. ಹೊಟ್ಟೆಯ ನಾಳಗಳಲ್ಲೂ ಹೆಪ್ಪು ಕಟ್ಟುವುದುಂಟು. ಸೈಟೊಮೆಗಲೋ ಎಂಬ ವೈರಸ್ಸಿನ ಸೋಂಕಿನಲ್ಲಿ ಗಟ್ಟಿಮುಟ್ಟಾದ ವಯಸ್ಕರಿಗೂ ಎರಡು ಮೂರು ವಾರ ಜ್ವರ ಎಳೆದು, ಯಕೃತ್ತಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಹೊಟ್ಟೆನೋವು ಬಂದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಸರ್ಪಸುತ್ತು ತರುವ ವೈರಸ್ ಮೆದುಳಿನ ಧಮನಿಗೇ ಉರಿಯೂತ ತರಬಲ್ಲದು. ಕಣ್ಣಿನ ಸುತ್ತ ಸರ್ಪಸುತ್ತಾದವರಲ್ಲಿ ಲಕ್ವದ ಅಪಾಯ ಕೆಲವು ವಾರ ಹೆಚ್ಚಿರುತ್ತದೆ.

ಹೆಪ್ಪಿಲ್ಲದೆಯೂ ಎದೆನೋವು ಬರುವ ಇನ್ನೊಂದು ದಾರಿ ಇದೆ. ಅದು ಹೃದಯದ ಸ್ನಾಯುವಿನ ಉರಿಯೂತ, ಮಯೋಕಾರ್ಡೈಟಿಸ್. ಇಸಿಜಿಯಲ್ಲಿ ಎರಡೂ ಒಂದೇ ತರಹ ಕಾಣಬಹುದು. ಬೇರ್ಪಡಿಸುವುದು ವೈದ್ಯರ ಕೆಲಸ, ಆದರೆ ಇದಾದವರು ಮೂರರಿಂದ ಆರು ತಿಂಗಳು ಭಾರದ ದುಡಿಮೆ, ಜಿಮ್, ಕಬಡ್ಡಿ ಯಾವುದೂ ಮಾಡಬಾರದು. ಉರಿಯೂತವಿರುವ ಹೃದಯದ ಬಡಿತ ಶ್ರಮದ ಹೊತ್ತಿನಲ್ಲಿ ಲಯ ತಪ್ಪಿ ನಿಂತೇ ಹೋಗಬಹುದು.

ಅಪಾಯ ಎಷ್ಟು, ಎಷ್ಟು ದಿನ

ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಇನ್‌ಫ್ಲುಯೆಂಜಾ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಪ್ರಮಾಣ ಅದೇ ವ್ಯಕ್ತಿಗಳ ಬೇರೆ ದಿನಗಳಿಗಿಂತ ಆರು ಪಟ್ಟು ಹೆಚ್ಚಿತ್ತು. ಸ್ವೀಡನ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೋವಿಡ್ ಸೋಂಕಿತರ ದಾಖಲೆ ನೋಡಿದಾಗ ಕಾಲಿನ ಹೆಪ್ಪಿನ ಅಪಾಯ ಮೂರು ತಿಂಗಳವರೆಗೆ, ಶ್ವಾಸಕೋಶದ ಹೆಪ್ಪಿನದು ಆರು ತಿಂಗಳವರೆಗೆ ಹೆಚ್ಚಿದ್ದದ್ದು ಕಂಡಿತು. ತೈವಾನ್‌ನಲ್ಲಿ ಡೆಂಗಿ ರೋಗಿಗಳಿಗೆ ಮೊದಲ ಎರಡು ತಿಂಗಳಲ್ಲಿ ಲಕ್ವದ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು.

ಈ 'ಪಟ್ಟು'ಗಳೇ ಜನರನ್ನು ಹೆದರಿಸುವುದು, ಹಾಗಾಗಿ ಒಂದು ಲೆಕ್ಕ ಮಾಡಿ ನೋಡಬೇಕು. ನಲವತ್ತರ ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಹೃದಯಾಘಾತವಾಗುವ ಸಂಭವ ಸಾವಿರಕ್ಕೆ ಒಂದು ಎಂದು ಹಿಡಿಯೋಣ. ವಾರಕ್ಕೆ ಹಂಚಿದರೆ 52 ಸಾವಿರಕ್ಕೆ ಒಂದು. ಅದು ಆರು ಪಟ್ಟಾದರೂ ಆ ವಾರದಲ್ಲಿ ಸುಮಾರು 8,700 ಜನರಲ್ಲಿ ಒಬ್ಬರಿಗೆ. ಒಬ್ಬೊಬ್ಬರ ಮಟ್ಟಿಗೆ ಇದು ಸಣ್ಣ ಅಪಾಯ. ಆದರೆ ಒಂದೇ ಮಳೆಗಾಲದಲ್ಲಿ ಲಕ್ಷಾಂತರ ಜನರಿಗೆ ಜ್ವರ ಬಂದರೆ ಪ್ರತಿ ತಾಲ್ಲೂಕಿನಲ್ಲೂ ಕೆಲವು ಮನೆಗಳಿಗೆ ಈ ಪೆಟ್ಟು ಬಿದ್ದೇ ಬೀಳುತ್ತದೆ. ಇನ್ನೊಂದು ಮಾತು: ಒಂಟಾರಿಯೊ ಅಧ್ಯಯನದಲ್ಲಿದ್ದವರಲ್ಲಿ ಬಹುಪಾಲು ವಯಸ್ಸಾದವರು. ಆ ಆರು ಪಟ್ಟನ್ನು ಹಾಗೇ ತಂದು ಇಪ್ಪತ್ತೈದರ ಹುಡುಗನಿಗೆ ಅಂಟಿಸುವಂತಿಲ್ಲ.

ಲಸಿಕೆಯೇ, ಬದುಕಿನ ರೀತಿಯೇ, ವೈರಸ್ಸೇ?

ವಾದಗಳು ಮೂರಿವೆ. ಲಸಿಕೆಯ ಮೇಲೆ ಬೆರಳು ತೋರಿಸುವವರ ಅನುಮಾನ ಶೂನ್ಯದಿಂದ ಹುಟ್ಟಿದ್ದಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ಪ್ಲೇಟ್‌ಲೆಟ್ ಕುಸಿದು ಹೆಪ್ಪುಗಟ್ಟುವ ತೊಂದರೆ ಬರುವುದನ್ನು 2021ರಲ್ಲೇ ವೈದ್ಯರು ಗುರುತಿಸಿದ್ದರು. ಬ್ರಿಟನ್ನಿನ ನ್ಯಾಯಾಲಯದಲ್ಲಿ ಆ ಲಸಿಕೆಯ ಆಸ್ಟ್ರಾಜೆನೆಕಾ ಕಂಪನಿ ಅದನ್ನು ಒಪ್ಪಿದ ಸುದ್ದಿ 2024ರಲ್ಲಿ ಬಂದಾಗ ಜನ ಬೆಚ್ಚಿದರು. ಆದರೆ ಆ ತೊಂದರೆಗೆ ಒಂದು ಕಾಲಮಿತಿ ಇದೆ. ಲಸಿಕೆ ಹಾಕಿದ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. 2021ರಲ್ಲಿ ಹಾಕಿಸಿಕೊಂಡ ಲಸಿಕೆ 2025ರಲ್ಲಿ ಹೃದಯಾಘಾತ ತಂದಿತೆನ್ನಲು ಅದು ಆಧಾರವಾಗುವುದಿಲ್ಲ.

ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನ 18ರಿಂದ 45 ವರ್ಷದ, ಕಾರಣ ತಿಳಿಯದ ಹಠಾತ್ ಸಾವುಗಳನ್ನೇ ಹಿಡಿದು ನೋಡಿತು. 47 ಆಸ್ಪತ್ರೆಗಳಿಂದ ಅಂಥ 729 ಸಾವುಗಳು, ಹೋಲಿಕೆಗೆ 2,916 ಜನ. ಲಸಿಕೆ ಹಾಕಿಸಿಕೊಂಡವರಲ್ಲಿ ಅಪಾಯ ಹೆಚ್ಚಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಹಿಂದಿನ 48 ತಾಸಿನಲ್ಲಿ ಮಿತಿಮೀರಿ ಕುಡಿದವರಲ್ಲಿ, ಮಾದಕ ವಸ್ತು ಬಳಸಿದವರಲ್ಲಿ, ಅದೇ 48 ತಾಸಿನಲ್ಲಿ ವಿಪರೀತ ಶ್ರಮ ಪಟ್ಟವರಲ್ಲಿ.

ಎರಡನೆಯ ವಾದ, ಎಲ್ಲಕ್ಕೂ ಬದುಕಿನ ರೀತಿಯೇ ಕಾರಣ ಎಂಬುದು. ಮೂರನೆಯದು, ವೈರಸ್ಸೇ ಕಾರಣ ಎಂಬುದು. ಇವೆರಡನ್ನೂ ಎದುರಾಳಿಗಳಂತೆ ನಿಲ್ಲಿಸುವುದೇ ತಪ್ಪು. ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಬಿಪಿ ವರ್ಷಾನುಗಟ್ಟಲೆ ಲೈನಿಂಗನ್ನು ಸವೆಸಿರುತ್ತವೆ. ವೈರಸ್ ಒಂದು ವಾರದಲ್ಲಿ ಅದನ್ನು ಒಡೆಯುತ್ತದೆ. ಯಾವತ್ತು ಆಯಿತು ಎಂಬುದನ್ನು ವೈರಸ್ ಹೇಳುತ್ತದೆ, ಯಾರಿಗೆ ಆಯಿತು ಎಂಬುದನ್ನು ಹೆಚ್ಚಾಗಿ ಹಳೆಯ ಸವೆತ ಹೇಳುತ್ತದೆ. ಹೆಚ್ಚಾಗಿ ಎಂದದ್ದಕ್ಕೆ ಕಾರಣವಿದೆ: ಸವೆತವೇ ಇಲ್ಲದ ಕೆಲವರಿಗೂ ಆಗುತ್ತದೆ, ಹುಟ್ಟಿನಿಂದಲೇ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಅಂಥವರಲ್ಲಿ ಕೆಲವರಿಗಿರುತ್ತದೆ.

ಹಾಗಾದರೆ ಜ್ವರ ಬಂದವರೆಲ್ಲ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕೆ? ಬೇಡ. ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದ ಕೋವಿಡ್ ಸೋಂಕಿತರಿಗೆ ಆಸ್ಪಿರಿನ್ ಅಥವಾ ಅಪಿಕ್ಸಬಾನ್ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, 2021ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ನಮ್ಮಲ್ಲಿ ಅಪಾಯ ಇನ್ನೂ ಹೆಚ್ಚು. ಆ ಜ್ವರ ಡೆಂಗಿಯಾಗಿದ್ದರೆ ಆಸ್ಪಿರಿನ್ ರಕ್ತಸ್ರಾವ ತರುತ್ತದೆ. ಬಸಿಯುವ ರೋಗವೂ ಕಟ್ಟಿಕೊಳ್ಳುವ ರೋಗವೂ ಒಂದೇ ಪದರದಿಂದ ಹುಟ್ಟಿದರೂ ಒಂದರ ಔಷಧಿ ಇನ್ನೊಂದಕ್ಕೆ ವಿಷ.

ಹೆಪ್ಪು ಕರಗಿದಾಗ ರಕ್ತಕ್ಕೆ ಸೇರುವ ಚೂರುಗಳನ್ನು ಅಳೆಯುವ ಡಿ-ಡೈಮರ್ ಪರೀಕ್ಷೆಯ ಕತೆಯೂ ಹಾಗೇ. ಯಾವ ಜ್ವರದಲ್ಲಾದರೂ ಅದು ಏರುತ್ತದೆ. ಲಕ್ಷಣವಿಲ್ಲದವರಿಗೆ ಮಾಡಿಸಿದರೆ ಸಿಗುವುದು ಹೆದರಿಕೆ ಮತ್ತು ಇನ್ನಷ್ಟು ಸ್ಕ್ಯಾನಿನ ಖರ್ಚು. ಅನುಮಾನ ಕಡಿಮೆಯಿರುವಾಗ ಅದು ನಾರ್ಮಲ್ ಬಂದರೆ ಹೆಪ್ಪಿಲ್ಲ ಎಂದು ಬಿಡಬಹುದು. ಅದರ ಉಪಯೋಗ ಅಷ್ಟಕ್ಕೇ.

ಸೂಜಿಯ ಅಭ್ಯಾಸ

ಮೈಕೈ ನೋವೆಂದು ಹೋದ ತಕ್ಷಣ ಸೊಂಟಕ್ಕೊಂದು ಸೂಜಿ. ಬಹಳ ಕಡೆ ಆ ಸೂಜಿಯಲ್ಲಿರುವುದು ಡೈಕ್ಲೋಫೆನಾಕ್, ಕೆಲವೊಮ್ಮೆ ಜೊತೆಗೆ ಸ್ಟಿರಾಯ್ಡ್. ಅರ್ಧ ತಾಸಿನಲ್ಲಿ ನೋವು, ಜ್ವರ ಎರಡೂ ಇಳಿಯುತ್ತವೆ, ಕೊಟ್ಟವರ ಕೈಗುಣ ಹೊಗಳಿಸಿಕೊಳ್ಳುತ್ತದೆ. ಆದರೆ ಈ ಜಾತಿಯ ನೋವುನಿವಾರಕಗಳು ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸಿ ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ, ನೀರು ಕಡಿಮೆಯಾದ ಮೂತ್ರಪಿಂಡವನ್ನು ಕೆಡಿಸುತ್ತವೆ, ಹೃದಯದ ನಾಳಕ್ಕೂ ಒಳ್ಳೆಯದಲ್ಲ. ತೈವಾನ್‌ನಲ್ಲಿ ಹೃದಯಾಘಾತದ ರೋಗಿಗಳ ದಾಖಲೆ ನೋಡಿದ 2017ರ ಅಧ್ಯಯನದಲ್ಲಿ, ಉಸಿರಾಟದ ಸೋಂಕಿದ್ದಾಗ ಈ ಮಾತ್ರೆಗಳನ್ನು ತೆಗೆದುಕೊಂಡವರಲ್ಲಿ ಅಪಾಯ ಮೂರು ಪಟ್ಟು ಮೀರಿತ್ತು, ಸೂಜಿಯ ಮೂಲಕ ಪಡೆದವರಲ್ಲಿ ಏಳು ಪಟ್ಟು. ಸೋಂಕು ಜೋರಾಗಿದ್ದವರಿಗೇ ಸೂಜಿ ಹಾಕಿದ್ದರಿಂದ ಅಂಕಿ ಕೊಂಚ ಏರಿರಬಹುದು. ಹಾಗೆಂದು ಅದನ್ನು ಬದಿಗೆ ಸರಿಸುವಂತಿಲ್ಲ.

ಸೊಂಟದ ಸೂಜಿಗೆ ಇನ್ನೂ ಒಂದು ತೊಂದರೆಯಿದೆ. ಪ್ಲೇಟ್‌ಲೆಟ್ ಇಳಿದಾಗ ಸ್ನಾಯುವಿನೊಳಗೇ ರಕ್ತ ತುಂಬಿಕೊಂಡು ಗಡ್ಡೆಯಾಗುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು: ವಯಸ್ಕರಿಗೆ 500 ಅಥವಾ 650 ಮಿಲಿಗ್ರಾಂ, ಆರು ತಾಸಿನ ಅಂತರದಲ್ಲಿ, ದಿನಕ್ಕೆ ಮೂರು ಗ್ರಾಂ ದಾಟದಂತೆ. ಯಕೃತ್ತಿನ ಕಾಯಿಲೆ ಇರುವವರು, ದಿನಾ ಕುಡಿಯುವವರು ಇದನ್ನೂ ವೈದ್ಯರನ್ನು ಕೇಳಿಯೇ ನುಂಗಬೇಕು. ಅದರಿಂದ ಜ್ವರ ಪೂರ್ತಿ ಇಳಿಯದೆ 100 ಡಿಗ್ರಿಯಲ್ಲೇ ನಿಂತರೂ ಪರವಾಗಿಲ್ಲ.

ಮನೆಯಲ್ಲಿ ನೋಡಬೇಕಾದದ್ದು

ಜ್ವರ ಶುರುವಾದ ತಾರೀಖು ಬರೆದಿಡಿ. ಇದೊಂದು ಸಾಲಿನಿಂದ ವೈದ್ಯರಿಗೆ ಅರ್ಧ ದಾರಿ ಸಿಗುತ್ತದೆ. ಜೊತೆಗೆ ಕೊಟ್ಟ ಮಾತ್ರೆ, ಸೂಜಿಗಳ ಹೆಸರೂ ಇರಲಿ. ಜ್ವರ ಇಳಿದ ಮೇಲೆ ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು, ಆರು ತಾಸಾದರೂ ಮೂತ್ರವಿಲ್ಲ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ಕಾಲು ಊದಿದ ಅನುಮಾನವಿದ್ದರೆ ದರ್ಜಿ ಟೇಪು ಸಾಕು. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಉಬ್ಬು ಮೂಳೆಯಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಬೇಕು. ವ್ಯತ್ಯಾಸ 3 ಸೆಂ.ಮೀ. ಮೀರಿದರೆ ಆ ದಿನವೇ ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ಎಣ್ಣೆ ಹಚ್ಚಿ ತಿಕ್ಕಿಸಬಾರದು, ಹೆಪ್ಪು ಕಿತ್ತುಹೋಗಬಹುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಂತೆ ದಿನವಿಡೀ ಯಂತ್ರದ ಮುಂದೆ ಕೂತು ದುಡಿಯುವವರು ಜ್ವರದ ನಂತರದ ವಾರಗಳಲ್ಲಿ ತಾಸಿಗೊಮ್ಮೆ ಎದ್ದು ಐದು ನಿಮಿಷ ಓಡಾಡಬೇಕು. ಅಕ್ಕಿ ಗಿರಣಿಯ ಹಮಾಲರು, ಗಣಿ ಕೆಲಸದವರಿಗೆ ಬೇಕಾದದ್ದು ಇದಕ್ಕೆ ಉಲ್ಟಾ: ಜ್ವರ ಬಿಟ್ಟ ಮೇಲೆ ಒಂದು ವಾರವಾದರೂ ಭಾರ ಎತ್ತಬಾರದು. ಕೂಲಿ ಹೋಗುವ ಸಂಕಟ ದೊಡ್ಡದು, ನಿಜ. ಮೇಸ್ತ್ರಿಗಳು ಆ ವಾರ ಅವರಿಗೆ ಹಗುರ ಕೆಲಸ ಹಚ್ಚಬಹುದು.

ಎದೆ ಬಿಗಿದು ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಕೂರುವುದು ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಮೊದಲ ಇಸಿಜಿ ನಾರ್ಮಲ್ ಬಂದು ನೋವು ಉಳಿದಿದ್ದರೆ 15ರಿಂದ 30 ನಿಮಿಷದಲ್ಲಿ ಇನ್ನೊಂದು ಬೇಕು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ 12 ತಾಸಿನೊಳಗೆ ಕೊಡಬೇಕು, ಮೊದಲ ಮೂರು ತಾಸಿನೊಳಗೆ ಬಿದ್ದರೆ ಲಾಭ ಹೆಚ್ಚು. ಬಾಯಿ ವಾರೆಯಾಗಿ, ಕೈ ಸೋತು, ಮಾತು ತೊದಲಿದರೆ ಮೊದಲು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ. ಲಕ್ವಕ್ಕೆ ಹೆಪ್ಪು ಕರಗಿಸುವ ಸಮಯ ನಾಲ್ಕೂವರೆ ತಾಸು ಮಾತ್ರ. ನಾಟಿ ಔಷಧಿಗೆ ಬೇರೆ ಊರಿಗೆ ಹೋಗಿ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಜ್ವರದ ತಾರೀಖು ಬರೆದಿಡಬೇಕೆಂದದ್ದು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಡೆಂಗಿಯ ಆರನೆಯ ದಿನ ಎದೆನೋವು ಬಂದವರಿಗೆ ಅದೇ ಟೆನೆಕ್ಟೆಪ್ಲೇಸ್ ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧಿ ಕೊಡುವುದಿಲ್ಲ, ಹೃದಯಾಘಾತದಲ್ಲೂ ವೈದ್ಯರು ತೂಗಿ ನೋಡಬೇಕಾಗುತ್ತದೆ. ಇದು ಹೃದಯಾಘಾತವೋ, ಹೃದಯಸ್ನಾಯುವಿನ ಉರಿಯೂತವೋ ಎಂಬ ಪ್ರಶ್ನೆಯೂ ಏಳುತ್ತದೆ. 'ಈಚೆಗೆ ಜ್ವರ ಬಂದಿತ್ತು' ಎಂದು ರೋಗಿಯ ಕಡೆಯವರು ಬಾಯಿಬಿಟ್ಟು ಹೇಳದಿದ್ದರೆ ತುರ್ತು ಕೋಣೆಯ ಗಡಿಬಿಡಿಯಲ್ಲಿ ಅದನ್ನು ಕೇಳುವುದು ತಪ್ಪಿಹೋಗಬಹುದು.

ಮುಂದೆ ಏನಾಗಬಹುದು

ಹಾಸನದ ಸುದ್ದಿಯ ನಂತರ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡುವುದು ಕಡ್ಡಾಯ, ಮರಣೋತ್ತರ ಪರೀಕ್ಷೆಯೂ ಆಗಬೇಕು ಎಂದು ರಾಜ್ಯ ಸರ್ಕಾರ ಹೇಳಿತು. ಹಿಂದಿನ ನಾಲ್ಕು ವಾರದಲ್ಲಿ ಜ್ವರ ಬಂದಿತ್ತೇ, ಯಾವ ಸೂಜಿ ಹಾಕಿದ್ದರು ಎಂಬ ಎರಡು ಪ್ರಶ್ನೆಗಳನ್ನೂ ಆ ವರದಿಯಲ್ಲಿ ಕೇಳಬೇಕು. ಕೇಳದಿದ್ದರೆ ಈ ಜಿಲ್ಲೆಗಳ ಸಾವುಗಳು ಬರೀ 'ಹೃದಯಾಘಾತ' ಎಂಬ ಒಂದು ಪದದಲ್ಲಿ ಮುಗಿಯುತ್ತವೆ. ಡೆಂಗಿಯನ್ನು 2024ರಲ್ಲೇ ಸಾಂಕ್ರಾಮಿಕ ರೋಗವೆಂದು ರಾಜ್ಯ ಘೋಷಿಸಿದೆ. ನಳದ ನೀರು ದಿನವೂ ಬಾರದ ಊರುಗಳಲ್ಲಿ ತೊಟ್ಟಿ, ಡ್ರಮ್ಮುಗಳಲ್ಲಿ ನೀರು ಹಿಡಿದಿಡುವುದು ತಪ್ಪದು, ಅಲ್ಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದೂ ತಪ್ಪದು. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಿದರೆ ಮಾತ್ರ ಅದರ ಮೊಟ್ಟೆ ಹೋಗುತ್ತದೆ, ನೀರು ಚೆಲ್ಲಿದರಷ್ಟೇ ಸಾಲದು.

ಹೆಪ್ಪಾಗಿ ಚಿಕಿತ್ಸೆ ಪಡೆದವರ ವಿಷಯ ಒಂದು ಉಳಿದಿದೆ. ಸೋಂಕಿನಿಂದಾದ ಕಾಲಿನ ಹೆಪ್ಪಿಗೆ ರಕ್ತ ತೆಳು ಮಾಡುವ ಔಷಧಿ ಸಾಮಾನ್ಯವಾಗಿ ಮೂರು ತಿಂಗಳು. ಊತ ಇಳಿಯಿತೆಂದು ಮೂರನೆಯ ವಾರಕ್ಕೇ ಬಿಟ್ಟರೆ ಮತ್ತೆ ಕಟ್ಟುತ್ತದೆ. ಯಾರೂ ನಿಲ್ಲಿಸಲು ಹೇಳಲಿಲ್ಲವೆಂದು ವರ್ಷಗಟ್ಟಲೆ ನುಂಗಿದರೆ ರಕ್ತಸ್ರಾವದ ಭಯ. ಸೋಂಕಿನ ಹೊತ್ತಿನಲ್ಲಿ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯದ ಪರೀಕ್ಷೆ ತಾತ್ಕಾಲಿಕವಾಗಿ ಪಾಸಿಟಿವ್ ಬರುವುದುಂಟು. ಅದನ್ನು 12 ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಎರಡನೆಯ ಸಲವೂ ಪಾಸಿಟಿವ್ ಬಂದರೆ ಮಾತ್ರ ಜೀವನಪೂರ್ತಿ ಔಷಧಿಯ ಮಾತು ಬರುತ್ತದೆ. ಬಿಡುಗಡೆಯ ದಿನವೇ ಚೀಟಿಯ ಮೇಲೆ ಈ ಎರಡು ತಾರೀಖುಗಳನ್ನು ವೈದ್ಯರಿಂದ ಬರೆಸಿಕೊಳ್ಳಬೇಕು: ಔಷಧಿ ನಿಲ್ಲಿಸುವ ಬಗ್ಗೆ ತೀರ್ಮಾನಿಸುವ ದಿನ, ಪರೀಕ್ಷೆ ಮತ್ತೆ ಮಾಡಿಸುವ ದಿನ.